ಬೆನ್ನು ಉಳಿದರೆ ದುಡಿಮೆ ಉಳಿದೀತು

(ಡೊಂಬಿವಲಿಯಲ್ಲಿ ಜರಗಿದ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತವರು ಸಂಬಳ, ಬೋನಸ್ಸು, ರಜೆ, ಪ್ರಾವಿಡೆಂಟ್ ಫಂಡುಗಳ ವಿಚಾರ ಮಾತನಾಡುವುದು ವಾಡಿಕೆ. ಇಂದು ನಾನು ಬೆನ್ನಿನ ವಿಚಾರ ಮಾತನಾಡಲು ನಿಂತಿದ್ದೇನೆ. ಇದೆಂತಹ ವಿಷಯವೆಂದು ಕೆಲವರು ನಕ್ಕಾರು. ನಗಲಿ. ಆದರೆ ಸಭೆ ಮುಗಿದು ಏಳುವಾಗ ಅವರಲ್ಲಿ ಎಷ್ಟು ಮಂದಿ ಸೊಂಟಕ್ಕೆ ಕೈ ಕೊಡದೆ ಏಳುತ್ತಾರೆಂಬುದನ್ನು ನಾನು ಇಲ್ಲಿಂದಲೇ ನೋಡುವವನಿದ್ದೇನೆ.

ಮೊದಲೇ ಒಂದು ಅರಿಕೆ. ನಾನು ವೈದ್ಯನಲ್ಲ. 1975ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಊರಿನಿಂದ ಬಂದು ಗಿರಗಾಂವಿನ ಒಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯಲು ನಿಂತವನು. ಆಗ ಆ ಹೋಟೆಲಿಗೆ ಗ್ರೈಂಡರು ಬಂದಿರಲಿಲ್ಲ. ರುಬ್ಬುವ ಕಲ್ಲಿನ ಮುಂದೆ ಕೂತು ಬೆಳಗಿನ ಜಾವ ಹಿಟ್ಟು ರುಬ್ಬಿದ್ದೇನೆ. ಮೋರಿಯ ಮುಂದೆ ಬಗ್ಗಿ ನಿಂತು ವರ್ಷಗಳನ್ನು ಕಳೆದಿದ್ದೇನೆ. ಸಪ್ಲಾಯರನಾಗಿ, ಕೊನೆಗೆ ಅಡುಗೆಯ ಭಟ್ಟರ ಕೈಕೆಳಗೆ ದುಡಿದಿದ್ದೇನೆ. ನನ್ನ ಅಣ್ಣ ಲಾಲಬಾಗಿನ ಗಿರಣಿಯಲ್ಲಿದ್ದ. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಆರಂಭವಾಯಿತು. ಲಕ್ಷಗಟ್ಟಲೆ ಕೆಲಸಗಾರರೊಡನೆ ಅವನೂ ಹೊರಗೆ ಬಂದ. ಮತ್ತೆ ಆ ಗೇಟಿನ ಒಳಗೆ ಹೋಗಲಿಲ್ಲ. ಭಿವಂಡಿಯ ಪವರ್‌ಲೂಮಿನಲ್ಲಿ ಹನ್ನೆರಡು ತಾಸಿನ ಪಾಳಿಗೆ ನಿಂತ. ಹೀಗೆ ಹೋಟೆಲಿನ ಬೆನ್ನು, ಗಿರಣಿಯ ಬೆನ್ನು, ಎರಡನ್ನೂ ಒಂದೇ ಖೋಲಿಯಲ್ಲಿ ಕಂಡವನು ನಾನು. ಆ ಅಧಿಕಾರದಿಂದ ನಾಲ್ಕು ಮಾತು ಹೇಳಬಯಸುತ್ತೇನೆ.

ನಮ್ಮ ಬೆನ್ನಿಗೆ ಕೆಲಸದ ಭಾರ ಒಂದಾದರೆ ದಾರಿಯ ಭಾರ ಇನ್ನೊಂದು. ಬೋರಿಬಂದರದಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ಗಾಡಿ ಓಡಿದ್ದು 1853ರ ಏಪ್ರಿಲ್ 16ರಂದು. ಮರುವರ್ಷ ಅದು ಕಲ್ಯಾಣವನ್ನು ಮುಟ್ಟಿತು. ಅದೇ ದಾರಿಯಲ್ಲಿ ನಾವು ಇಂದಿಗೂ ನಿಂತೇ ಹೋಗುತ್ತೇವೆ. ಶಹರದಲ್ಲಿ ಖೋಲಿ ಕೈಗೆಟುಕದೆ ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಿಗೆ ಬಂದು ನೆಲಸಿದೆವು. ಕಲ್ಯಾಣದಿಂದ ಮುಂಬಯಿಗೆ 50 ಕಿಲೋಮೀಟರಿಗೂ ಮಿಕ್ಕ ದಾರಿ. ಒಂದು ಕೈ ಮೇಲಿನ ಹಿಡಿಯಲ್ಲಿ, ಒಂದು ಕಾಲು ಇನ್ನೊಬ್ಬರ ಕಾಲಿನ ಮೇಲೆ, ಸೊಂಟ ಒಂದು ಕಡೆಗೆ ತಿರುಚಿ. ಕೆಲಸಕ್ಕೆ ಮುಟ್ಟುವ ಮೊದಲೇ ಅರ್ಧ ಪಾಳಿ ಮುಗಿದಂತಾಗಿರುತ್ತದೆ.

ಈಗ ನನ್ನದೇ ಕಥೆ. 1994ರ ಒಂದು ಬೆಳಗ್ಗೆ ಇಡ್ಲಿ ಹಿಟ್ಟಿನ ದೊಡ್ಡ ಪಾತ್ರೆಯನ್ನು ಒಬ್ಬನೇ ಎತ್ತಿ ಪಕ್ಕಕ್ಕೆ ತಿರುಗಿದೆ. ಸೊಂಟದಲ್ಲಿ ಏನೋ ಸಳಕ್ಕೆಂದಿತು. ಪಾತ್ರೆ ಕೆಳಗಿಟ್ಟೆ, ನಾನು ಮಾತ್ರ ನೆಟ್ಟಗಾಗಲಿಲ್ಲ. ಒಬ್ಬ ಡಾಕ್ಟರರು ಆರು ವಾರ ಹಾಸಿಗೆ ಬಿಟ್ಟು ಏಳಕೂಡದೆಂದರು. ಆ ಕಾಲದಲ್ಲಿ ಎಷ್ಟೋ ಮಂದಿ ಹಾಗೆಯೇ ಹೇಳುತ್ತಿದ್ದರು. ಅವರನ್ನು ನಾನು ದೂರುವುದಿಲ್ಲ. ಆರು ವಾರ ಮಲಗಿದೆ. ಎದ್ದಾಗ ನೋವು ಸ್ವಲ್ಪ ಇಳಿದಿತ್ತು, ಕಾಲಿನ ಬಲ ಪೂರಾ ಇಳಿದಿತ್ತು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಹೋಟೆಲಿಗೆ ಹೋದರೆ ನನ್ನ ಜಾಗದಲ್ಲಿ ಇನ್ನೊಬ್ಬ ಹುಡುಗ ನಿಂತಿದ್ದ. ಧನಿಗಳು ಕೆಟ್ಟವರಲ್ಲ. "ಬೆನ್ನು ಹೋದ ಮೇಲೆ ಅಡುಗೆಮನೆ ಕೆಲಸ ಹೇಗೆ ಮಾಡುತ್ತೀ, ಮಾರಾಯ?" ಎಂದು ಕೈಗೆ ಎರಡು ತಿಂಗಳ ಸಂಬಳ ಕೊಟ್ಟರು. ಆ ದಿನ ಬಂಧುಗಳೇ, ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿದ್ದವು.

ಮುಂದಿನ ಎರಡು ವರ್ಷ ನಾನು ಬಗ್ಗಲಿಲ್ಲ. ಬಿದ್ದ ಚಮಚವನ್ನು ಹೆಂಡತಿ ಎತ್ತಿಕೊಡಬೇಕು. ಕೊನೆಗೆ ಒಂದು ಸರಕಾರಿ ಆಸ್ಪತ್ರೆಯಲ್ಲಿ ವ್ಯಾಯಾಮ ಚಿಕಿತ್ಸೆಯ ತಾಯಿಯೊಬ್ಬರು ನನ್ನನ್ನು ನೆಲದ ಮೇಲೆ ಮಲಗಿಸಿ, ಕೈಕಾಲು ಆಡಿಸಿ ನೋಡಿ, "ಕಾಕಾ, ನಿಮ್ಮ ಬೆನ್ನು ಮುರಿದಿಲ್ಲ, ಹೆದರಿದೆ" ಎಂದರು. ಐದು ಸಣ್ಣ ವ್ಯಾಯಾಮ ಹೇಳಿಕೊಟ್ಟರು. ಮೂರು ತಿಂಗಳಲ್ಲಿ ನಾನು ಮತ್ತೆ ಬಗ್ಗಿದೆ. ಅದೇ ವರ್ಷ ಥಾಣೆಯ ಒಂದು ಕ್ಯಾಂಟೀನಿನಲ್ಲಿ ಕೆಲಸಕ್ಕೆ ಸೇರಿದೆ. ಇದು ಪವಾಡವಲ್ಲ. ಇದರ ಹಿಂದಿರುವ ತಿಳಿವಳಿಕೆಯನ್ನು ನಿಮ್ಮ ಮುಂದಿಡುವುದಕ್ಕಾಗಿಯೇ ಇಂದು ನಿಂತಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ 61 ಕೋಟಿ 90 ಲಕ್ಷ ಜನರಿಗೆ ಸೊಂಟನೋವಿತ್ತು. 2050ಕ್ಕೆ ಅದು 84 ಕೋಟಿ ದಾಟಬಹುದೆಂದು ಅಂದಾಜು. ಮನುಷ್ಯನನ್ನು ಕೆಲಸಕ್ಕೆ ಬಾರದವನನ್ನಾಗಿ ಮಾಡುವ ಕಾರಣಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಹತ್ತರಲ್ಲಿ ಒಂಬತ್ತು ಪಾಲು ನೋವಿಗೆ ಇಂತಹುದೇ ಕಾರಣವೆಂದು ಬೆರಳಿಟ್ಟು ತೋರಿಸುವಂತಿಲ್ಲ. ಎಲುಬು ಮುರಿದಿರುವುದಿಲ್ಲ, ಗಡ್ಡೆ ಇರುವುದಿಲ್ಲ. ಹೀಗೆ ಬಹುಕಾಲ ಕಾಡುವ ನೋವಿಗೆ ಏನು ಮಾಡಬೇಕೆಂದು ಅದೇ ಸಂಸ್ಥೆ 2023ರ ಡಿಸೆಂಬರಿನಲ್ಲಿ ಸಲಹೆ ಪ್ರಕಟಿಸಿತು. ತಿಳಿವಳಿಕೆ ಕೊಡಿರಿ, ಕ್ರಮವಾದ ವ್ಯಾಯಾಮ ಮಾಡಿಸಿರಿ ಎಂದಿತು. ಸೊಂಟಪಟ್ಟಿಯನ್ನೂ, ತೂಕ ಕಟ್ಟಿ ಎಳೆಯುವ ಚಿಕಿತ್ಸೆಯನ್ನೂ ವಾಡಿಕೆಯಾಗಿ ಬಳಸಬಾರದೆಂದಿತು. ನಾನು ವರ್ಷಗಟ್ಟಲೆ ಕಟ್ಟಿಕೊಂಡಿದ್ದ ಪಟ್ಟಿ ಈಗ ನಮ್ಮ ಮನೆಯಲ್ಲಿ ಹಳೆಯ ಪೇಪರಿನ ಕಟ್ಟಿಗೆ ಹಗ್ಗವಾಗಿದೆ.

ಇನ್ನೊಂದು ಹೆದರಿಕೆ ಎಂ.ಆರ್.ಐ. ಚಿತ್ರದ್ದು. "ಡಿಸ್ಕು ಸವೆದಿದೆ" ಎಂಬ ಒಂದು ಮಾತು ಕೇಳಿ ಬದುಕೇ ಮುಗಿಯಿತೆಂದು ಕೂತವರನ್ನು ನಾನು ಬಲ್ಲೆ. ನೋವೇ ಇಲ್ಲದ ಜನರ ಚಿತ್ರಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಪರಿಶೀಲನೆ 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿನವರಲ್ಲಿ ಶೇಕಡಾ 37, ಎಂಬತ್ತರವರಲ್ಲಿ ಶೇಕಡಾ 96 ಮಂದಿಗೆ ಡಿಸ್ಕಿನ ಸವೆತ ಕಂಡಿತು. ಅವರೆಲ್ಲ ನೋವಿಲ್ಲದೆ ಓಡಾಡುತ್ತಿದ್ದವರು! ತಲೆಗೂದಲು ನರೆತ ಹಾಗೆ ಡಿಸ್ಕೂ ಸವೆಯುತ್ತದೆ. ಚಿತ್ರ ಬೇಕಾದಾಗ ಬೇಕೇ ಬೇಕು. ಆದರೆ ಚಿತ್ರವನ್ನು ನೋಡಿ ಬದುಕನ್ನು ಅಳೆಯಬಾರದು.

ಈಗ ವ್ಯಾಯಾಮದ ಮಾತು. ಥಾಣೆಯ ದೊಡ್ಡ ಬಡಾವಣೆಗಳಲ್ಲಿ, ನವಿ ಮುಂಬಯಿಯಲ್ಲಿ 'ಪಿಲಾಟೀಸ್' ಎಂಬ ಫಲಕವನ್ನು ನೀವು ನೋಡಿರಬಹುದು. ಗಾಜಿನ ಬಾಗಿಲು, ಒಳಗೆ ಸ್ಪ್ರಿಂಗು ಕಟ್ಟಿದ ಮಂಚದಂತಹ ಯಂತ್ರ. ಅದು ಶ್ರೀಮಂತರ ಆಟವೆಂದು ನಾವು ಮುಂದೆ ನಡೆಯುತ್ತೇವೆ. ಅದರ ಹುಟ್ಟು ಕೇಳಿರಿ. ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ಉಬ್ಬಸ, ಎಲುಬಿನ ಮೆದುತನ, ಹೀಗೆ ಕಾಯಿಲೆಯ ಮೂಟೆ. ವ್ಯಾಯಾಮದಿಂದಲೇ ಮೈ ಕಟ್ಟಿಕೊಂಡ. 1914ರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಾಗ ಇಂಗ್ಲೆಂಡಿನಲ್ಲಿದ್ದ. ಶತ್ರುದೇಶದವನೆಂದು ಬಂಧನ ಶಿಬಿರಕ್ಕೆ ಹಾಕಿದರು. ಅಲ್ಲಿ ಜತೆಯ ಬಂದಿಗಳಿಗೆ ವ್ಯಾಯಾಮ ಕಲಿಸಿದ. ಏಳಲಾರದವರ ಮಂಚಕ್ಕೆ ಸ್ಪ್ರಿಂಗು ಕಟ್ಟಿ, ಮಲಗಿದಲ್ಲೇ ಕೈಕಾಲು ಆಡಿಸುವಂತೆ ಮಾಡಿದನೆಂದು ಅವನ ಶಿಷ್ಯರು ಹೇಳುತ್ತಾರೆ. ಮುಂದೆ ನ್ಯೂಯಾರ್ಕಿಗೆ ಹೋಗಿ ನೆಲಸಿ, 1967ರಲ್ಲಿ ತೀರಿಕೊಂಡ. 1945ರಲ್ಲಿ ಬಂದ ಅವನ ಪುಸ್ತಕದಲ್ಲಿ 34 ವ್ಯಾಯಾಮಗಳಿವೆ. ಅವಕ್ಕೆ ಯಂತ್ರ ಬೇಡ, ನೆಲ ಸಾಕು. ಶಿಬಿರದ ಬಂದಿಗಳಿಗೆ ಕಲಿಸಿದ ವಿದ್ಯೆ ಗಾಜಿನ ಬಾಗಿಲಿನ ಹಿಂದೆ ಸೇರಿದ್ದು ಆಮೇಲೆ.

ನಮ್ಮ ನಾಡಿನಲ್ಲೇ ಇದಕ್ಕೆ ಜೋಡಿಯೊಂದಿದೆ. ಬಿ.ಕೆ.ಎಸ್. ಅಯ್ಯಂಗಾರ್ಯರು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದರು. ಬಡತನ, ಮೇಲಿಂದ ಮೇಲೆ ಕಾಯಿಲೆ. ಮೈಸೂರಿನಲ್ಲಿ ಕೃಷ್ಣಮಾಚಾರ್ಯರಲ್ಲಿ ಯೋಗ ಕಲಿತು, 1937ರಲ್ಲಿ ಪುಣೆಗೆ ಬಂದರು. ನಮ್ಮ ಹಾಗೆಯೇ ಕರ್ನಾಟಕ ಬಿಟ್ಟು ಮಹಾರಾಷ್ಟ್ರದಲ್ಲಿ ಅನ್ನ ಕಂಡುಕೊಂಡವರು. ನೆಟ್ಟಗೆ ನಿಲ್ಲಲಾರದವನಿಗೆ ಗೋಡೆಯ ಹಗ್ಗ, ಕೂರಲಾರದವನಿಗೆ ಕುರ್ಚಿ, ನೆಲ ಮುಟ್ಟಲಾರದವನಿಗೆ ಮರದ ಇಟ್ಟಿಗೆ ಕೊಟ್ಟು, ಮುದುಕರಿಗೂ ರೋಗಿಗಳಿಗೂ ಆಸನ ದೊರಕಿಸಿದರು. ಅಲ್ಲಿ ಸ್ಪ್ರಿಂಗು, ಇಲ್ಲಿ ಹಗ್ಗ. ಮೈಯನ್ನು ವ್ಯಾಯಾಮಕ್ಕೆ ಒಗ್ಗಿಸುವ ಬದಲು ವ್ಯಾಯಾಮವನ್ನು ಮೈಗೆ ಒಗ್ಗಿಸಿದವರು ಇವರಿಬ್ಬರೂ. ನಾನು ಹೇಳಬಂದುದರ ತಿರುಳು ಇದೇ.

ಪಿಲಾಟೀಸ್ ಎಲ್ಲಕ್ಕಿಂತ ಮೇಲೆಂದು ಮಾರುವವರನ್ನು ನಂಬಬೇಡಿ. 2015ರಲ್ಲಿ ಕೊಕ್ರೇನ್ ಎಂಬ ವೈದ್ಯ ಪರಿಶೀಲನಾ ಸಂಸ್ಥೆ ಪ್ರಯೋಗಗಳನ್ನೆಲ್ಲ ತೂಗಿ ನೋಡಿತು. ಸುಮ್ಮನಿರುವುದಕ್ಕಿಂತ ಇದು ಸೊಂಟನೋವಿಗೆ ಮೇಲು. ಆದರೆ ಬೇರೆ ವ್ಯಾಯಾಮಗಳಿಗಿಂತ ಮೇಲೆನ್ನಲು ಗಟ್ಟಿ ಆಧಾರವಿಲ್ಲ ಎಂದಿತು. ಇದು ನಮಗೆ ಒಳ್ಳೆಯ ಸುದ್ದಿ! ಗಾಜಿನ ಬಾಗಿಲಿಗೆ ಹೋಗಲಾರದವನಿಗೆ ನಷ್ಟವಿಲ್ಲ. ಯೋಗವಾಗಲಿ, ನಡಿಗೆಯಾಗಲಿ, ಪಿಲಾಟೀಸಿನ ನೆಲದ ಪಾಠವಾಗಲಿ, ಬಿಡದೆ ಮಾಡಿದ್ದು ಫಲ ಕೊಡುತ್ತದೆ.

ಇಗೋ, ನನ್ನ ಐದು ಪಾಠ. ಒಂದು ಜಮಖಾನೆ, ಒಂದು ಮಡಚಿದ ಟವೆಲು ಸಾಕು.

ಮೊದಲನೆಯದು ಉಸಿರು. ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ನೆಲಕ್ಕೂರಿ. ಅಂಗೈ ಪಕ್ಕೆಯ ಮೇಲಿರಲಿ. ಉಸಿರೆಳೆದಾಗ ಪಕ್ಕೆ ಅಗಲವಾಗಲಿ. ಬಿಡುವಾಗ ಹೊಕ್ಕುಳ ಕೆಳಗಿನ ಹೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳಿ, ಪಂಚೆ ಬಿಗಿಯುವಾಗ ಎಳೆದುಕೊಳ್ಳುವಷ್ಟೇ. ಹೊಟ್ಟೆಯ ಒಳಪದರದಲ್ಲಿ ಸೊಂಟವನ್ನು ಸುತ್ತಿದ ಒಂದು ಸ್ನಾಯುವಿದೆ. ದೇವರು ಕೊಟ್ಟ ಸೊಂಟಪಟ್ಟಿ ಅದು. ಅದನ್ನು ಎಚ್ಚರಿಸುವುದು ಈ ಪಾಠ.

ಎರಡನೆಯದು ಸೊಂಟವನ್ನು ತೂಗುವುದು. ಹಾಗೆಯೇ ಮಲಗಿ ಉಸಿರು ಬಿಡುತ್ತ, ಸೊಂಟದ ಕೆಳಗಿನ ಪೊಳ್ಳು ಜಮಖಾನೆಗೆ ತಾಗುವಂತೆ ಮೆಲ್ಲಗೆ ಒತ್ತಿ. ಉಸಿರೆಳೆಯುತ್ತ ಸಡಿಲಿಸಿ.

ಮೂರನೆಯದು ಹಿಮ್ಮಡಿ ಜಾರಿಸುವುದು. ಒಂದು ಹಿಮ್ಮಡಿಯನ್ನು ನೆಲದ ಮೇಲೆಯೇ ಜಾರಿಸಿ ಕಾಲನ್ನು ನೀಡಿ, ಮತ್ತೆ ಎಳೆದುಕೊಳ್ಳಿ. ಆಗ ಸೊಂಟ ಅಲುಗಬಾರದು. ಬಳಿಕ ಇನ್ನೊಂದು ಕಾಲು.

ನಾಲ್ಕನೆಯದು ಸೇತುವೆ. ಪಾದ ಊರಿ ಪೃಷ್ಠವನ್ನು ಮೆಲ್ಲಗೆ ಮೇಲೆತ್ತಿ, ಒಂದು ಉಸಿರು ನಿಂತು, ಮೆಲ್ಲಗೆ ಇಳಿಸಿ.

ಐದನೆಯದು ಮಗುವಿನಂತೆ ಅಂಬೆಗಾಲಿನಲ್ಲಿ ನಿಲ್ಲುವುದು. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ನೀಡಿ, ಬಳಿಕ ಬದಲಿಸಿ. ಬೆನ್ನಿನ ಮೇಲೆ ಚಹಾದ ಕಪ್ಪಿದೆ, ಚೆಲ್ಲಬಾರದು ಎಂದು ಭಾವಿಸಿ. ಹೋಟೆಲಿನವರಿಗೆ ಇದನ್ನು ಕಲಿಸಬೇಕಾಗಿಲ್ಲ!

ಒಂದೊಂದನ್ನು ಎಂಟು ಬಾರಿ, ಆತುರವಿಲ್ಲದೆ. ಒಟ್ಟು ಇಪ್ಪತ್ತು ನಿಮಿಷ.

"ನನ್ನಿಂದ ನೆಲದ ಮೇಲೆ ಮಲಗಲಾಗದು" ಎನ್ನುವವರಿದ್ದೀರಿ. ನಿಮಗೆ ಕುರ್ಚಿ ಇದೆ. ಕುರ್ಚಿಯ ಅಂಚಿನಲ್ಲಿ ಕೂತು ಇದೇ ಉಸಿರು, ಇದೇ ಸೊಂಟದ ತೂಗು, ಒಂದೊಂದೇ ಪಾದ ಎತ್ತುವುದು. ನಿಲ್ಲಬಲ್ಲವನಿಗೆ ಗೋಡೆ ಇದೆ. ನಮ್ಮ ಕಟ್ಟಡದ ಗಚ್ಚಿಯ ಮೇಲೆ ಒಂದೂವರೆ ವರ್ಷದಿಂದ ಏಳೆಂಟು ಮಂದಿ ಸೇರುತ್ತೇವೆ. ಲೋಕಲಿನ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡವರೊಬ್ಬರಿದ್ದಾರೆ. ಅವರು ಕುರ್ಚಿಯಲ್ಲಿ ಮಾಡುತ್ತಾರೆ, ನಮಗಿಂತ ಚೆನ್ನಾಗಿ ಮಾಡುತ್ತಾರೆ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ಅಕ್ಕನೊಬ್ಬರಿದ್ದಾರೆ. ಹೆರಿಗೆಯಾದ ಮೇಲೆ ಸೊಂಟ ಹಿಡಿದುಕೊಂಡ ತಂಗಿಯೊಬ್ಬಳು ಡಾಕ್ಟರರನ್ನು ಕೇಳಿ ಬಂದಿದ್ದಾಳೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಅಂಗವಿಕಲರನ್ನೂ ವೃದ್ಧರನ್ನೂ ಬೇರೆಯಾಗಿ ಹೆಸರಿಸಿ, ವ್ಯಾಯಾಮ ಅವರಿಗೂ ಬೇಕೆಂದಿದೆ. ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಮೈ ಬೆಚ್ಚಗಾಗುವಷ್ಟು ಚಲನೆ, ಎರಡು ದಿನ ಸ್ನಾಯುಬಲದ ವ್ಯಾಯಾಮ. ಆಗದಿದ್ದರೆ ಆದಷ್ಟು, ಸ್ವಲ್ಪವೂ ಸೊನ್ನೆಗಿಂತ ಮೇಲು.

ನನ್ನ ಅಣ್ಣ ಮೊದಲು ಬರಲಿಲ್ಲ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೋ?" ಎಂದ. ಗಾದೆಗೆ ಎದುರು ಮಾತಿಲ್ಲವಲ್ಲ! ಎಂಟು ವರ್ಷದಿಂದ ಅವನು ನೆಲದ ಮೇಲೆ ಕೂತಿರಲಿಲ್ಲ. ಊರಿನ ಮದುವೆಗಳಲ್ಲಿ ಪಂಕ್ತಿ ಹಾಕಿದರೆ ಅವನಿಗೊಂದು ಮೂಲೆಯಲ್ಲಿ ಮೇಜು. ಕೊನೆಗೆ ಮೊಮ್ಮಗಳ ಒತ್ತಾಯಕ್ಕೆ ಬಂದ. ಮೂರು ವಾರ ಕುರ್ಚಿಯಲ್ಲಿ, ಬಳಿಕ ನೆಲದಲ್ಲಿ. ಈ ವರ್ಷ ಅಕ್ಕನ ಮಗನ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಬಾಳೆಲೆಯ ಊಟ ಮಾಡಿದ. ಏಳುವಾಗ ಒಂದು ಕೈ ನೆಲಕ್ಕೂರಿದ, ನಿಜ. ಆದರೆ ತಾನೇ ಎದ್ದ. ಅವನ ನೋವು ಪೂರಾ ಹೋಗಿಲ್ಲ. ನೋವಿನ ಹೆದರಿಕೆ ಹೋಗಿದೆ.

ಇಲ್ಲಿ ಎಚ್ಚರಿಕೆಯ ಮಾತೊಂದು. ಮೂತ್ರ ಮಲದ ಹಿಡಿತ ತಪ್ಪಿದರೆ, ತೊಡೆಸಂದು ಜೋಮುಗಟ್ಟಿದರೆ, ಕಾಲು ದಿನದಿನಕ್ಕೆ ಬಲಗುಂದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಒಂದು ದಿನವೂ ಕಾಯಕೂಡದು. ನೋವಿನೊಡನೆ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದ ಮೇಲೆ ನೋವು ಬಂದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ವ್ಯಾಯಾಮಕ್ಕೆ ಮೊದಲು ಡಾಕ್ಟರರನ್ನು ಕಾಣಬೇಕು. ಮಾಡುವಾಗ ನೋವು ಕಾಲಿನ ಕೆಳಗೆ ಇಳಿಯುತ್ತ ಹೋದರೆ ಆ ಪಾಠವನ್ನು ನಿಲ್ಲಿಸಿ, ತಿಳಿದವರನ್ನು ಕೇಳಿ.

ಬಂಧುಗಳೇ, ಇಷ್ಟು ಹೇಳಿ ಕೂತರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಮೋರಿ ಮೊಣಕಾಲಿನ ಎತ್ತರದಲ್ಲಿದ್ದರೆ, ಹತ್ತು ತಾಸು ಕೂರಲು ಸ್ಟೂಲಿಲ್ಲದಿದ್ದರೆ, ಇಬ್ಬರ ಪಾತ್ರೆಯನ್ನು ಒಬ್ಬ ಎತ್ತಬೇಕಾದರೆ, ಯಾವ ವ್ಯಾಯಾಮ ಏನು ಮಾಡೀತು? "ನೀನು ವ್ಯಾಯಾಮ ಮಾಡಲಿಲ್ಲ, ಅದಕ್ಕೇ ಬೆನ್ನು ಹೋಯಿತು" ಎಂದು ಯಾರಾದರೂ ನಮಗೆ ಹೇಳುವುದಕ್ಕೆ ನನ್ನ ಭಾಷಣ ಸಾಧನವಾಗಬಾರದು. ವಯಸ್ಕ ಗಂಡಾಳು ಕೈಯಿಂದ ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ಮೂಟೆ ಹೊರುವ ಮಾಥಾಡಿ ಬಂಧುಗಳು ಸಂಘ ಕಟ್ಟಿದ್ದರಿಂದ ಮಹಾರಾಷ್ಟ್ರದಲ್ಲಿ 1969ರಲ್ಲಿ ಅವರಿಗಾಗಿಯೇ ಕಾಯ್ದೆ ಬಂತು. ಕೇರಳದ ಬಟ್ಟೆಯಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ಹೋರಾಡಿ 2018ರಲ್ಲಿ ಅದನ್ನು ಕಾಯ್ದೆಯಲ್ಲಿ ಬರೆಯಿಸಿದರು. 2021ರಲ್ಲಿ ತಮಿಳುನಾಡೂ ಅದನ್ನು ಅನುಸರಿಸಿತು. ಒಂದು ಸ್ಟೂಲಿಗಾಗಿ ಕಾಯ್ದೆ! ಆ ಸ್ಟೂಲಿನ ಬೆಲೆ ನಿಂತವರಿಗೇ ಗೊತ್ತು.

ಹೋಟೆಲ್ ಮಾಲಕರಲ್ಲಿ ಬಹುಮಂದಿ ನಮ್ಮ ಭಾಷೆಯವರು. ಅವರಲ್ಲಿ ಎಷ್ಟೋ ಮಂದಿ ಒಂದು ಕಾಲದಲ್ಲಿ ಮೋರಿಯ ಮುಂದೆ ನಿಂತವರು. ಅವರಲ್ಲಿ ಮೂರು ಮಾತು ಕೇಳೋಣ. ಮೋರಿ ಸೊಂಟದ ಎತ್ತರಕ್ಕೆ ಬರಲಿ. ಹಿಟ್ಟಿನ ಪಾತ್ರೆಗೆ ಗಾಲಿಯ ಬಂಡಿಯೋ ಎರಡನೆಯ ಆಳೋ ಇರಲಿ. ಗಿರಾಕಿ ಇಲ್ಲದಾಗ ಸಪ್ಲಾಯರನಿಗೆ ಕೂರಲು ಸ್ಟೂಲು ಇರಲಿ. ಕೆಲಸಗಾರನ ಬೆನ್ನು ಉಳಿದರೆ ಧನಿಯ ಗಲ್ಲೆಗೂ ಲಾಭವೇ.

ಸಂಘಕ್ಕೆ ನನ್ನದೊಂದು ಸೂಚನೆ. ದುಡಿದು ದಣಿದ ಹುಡುಗರಿಗೆ ಅಕ್ಷರ ಯಾತಕ್ಕೆಂದು ಕೇಳಿದ ಕಾಲದಲ್ಲಿ ನಮ್ಮ ಹಿರಿಯರು ಈ ಶಹರದಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದರು. ನಾನೂ ಅಂತಹ ಬೆಂಚಿನ ಮೇಲೆ ಕೂತೇ ಎರಡಕ್ಷರ ಕಲಿತವನು. ದುಡಿದು ದಣಿದವನಿಗೆ ವ್ಯಾಯಾಮ ಯಾತಕ್ಕೆಂದು ಇಂದು ಕೇಳುವವರಿಗೆ ಅದೇ ಉತ್ತರ ಕೊಡೋಣ. ದುಡಿಮೆ ಒಂದೇ ಕಡೆಗೆ ಮೈಯನ್ನು ಎಳೆಯುತ್ತದೆ. ವ್ಯಾಯಾಮ ಅದನ್ನು ಸರಿತೂಗಿಸುತ್ತದೆ. ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿ, ನಾಲ್ಕು ಕಡೆಗೆ ವಾರಕ್ಕೆ ಎರಡು ತರಗತಿ ಇರಲಿ. ಹೋಟೆಲಿನವರಿಗೆ ಮಧ್ಯಾಹ್ನದ ಬಿಡುವಿನಲ್ಲಿ, ಕಾರ್ಖಾನೆಯವರಿಗೆ ರವಿವಾರ ಬೆಳಗ್ಗೆ, ಹೆಂಗಸರಿಗೆ ಅವರು ಹೇಳಿದ ಹೊತ್ತಿನಲ್ಲಿ. ಮೆಟ್ಟಿಲು ಹತ್ತಲಾರದವರು ಬರುವಂತೆ ನೆಲಮಹಡಿಯ ಜಾಗವಿರಲಿ. ತಿಂಗಳಿಗೊಮ್ಮೆ ಕಲಿತ ವ್ಯಾಯಾಮ ಚಿಕಿತ್ಸಕರೊಬ್ಬರು ಬಂದು ತಪ್ಪು ತಿದ್ದಲಿ. ಹತ್ತು ಜಮಖಾನೆ ಸಂಘ ಕೊಡಲಿ. ಹನ್ನೊಂದನೆಯದನ್ನು ನಾನು ಇಂದೇ ಕೊಡುತ್ತೇನೆ, ಬಾಗಿಲ ಬಳಿ ಇಟ್ಟಿದ್ದೇನೆ.

ಊರಿನಿಂದ ಬರುವಾಗ ನಾವು ಬಂಡವಾಳ ತರಲಿಲ್ಲ. ಎರಡು ಕೈ, ಒಂದು ಬೆನ್ನು ತಂದೆವು. ಆ ಬೆನ್ನಿನ ಮೇಲೆ ಮಕ್ಕಳು ಓದಿದರು, ಊರಿನಲ್ಲಿ ಮನೆಗಳಿಗೆ ಹೆಂಚು ಬಂತು. ಅದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಕೊಡುವುದು ದೊಡ್ಡ ಸಾಲವೇನಲ್ಲ.

ಈಗ ಎಲ್ಲರೂ ಎದ್ದು ನಿಲ್ಲಿರಿ. ಯಾರು ಯಾರು ಸೊಂಟ ಹಿಡಿಯುತ್ತೀರೋ ನೋಡುವೆ. ಏಳಲಾಗದವರು ಕೂತಲ್ಲಿಯೇ ಉಸಿರೆಳೆಯಿರಿ. ಮೊದಲನೆಯ ಪಾಠವನ್ನು ಇಲ್ಲಿಯೇ ಆರಂಭಿಸೋಣ.